ಹಾರ್ಡ್‌ವೇರ್ ಅಂಗಡಿಯ ಸಾಮಾನಿನಿಂದ ಒಡವೆ ಮಾಡಬಹುದಾ? 300 ರೂಪಾಯಿಯೊಳಗೆ ಆಗುತ್ತಾ?

ಧಾರಾಳವಾಗಿ ಆಗುತ್ತದೆ. ಆದರೆ ಅಂಗಡಿಗೆ ಹೊರಡುವ ಮುಂಚೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಅಯಸ್ಕಾಂತ ಒಂದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ.

ನಾನು ಮೊದಲ ಸಲ ಹಳದಿಯಾಗಿ ಮಿನುಗುತ್ತಿದ್ದ ನಟ್ಟುಗಳನ್ನು ಹಿತ್ತಾಳೆ ಅಂದುಕೊಂಡು ತಂದಿದ್ದೆ. ನೋಡಿದರೆ ಅದು ಕಬ್ಬಿಣ, ಮೇಲೆ ಸತುವಿನ ಲೇಪ ಅಷ್ಟೆ. ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಹಿಡಿದು ನನ್ನ ಬಿಳಿ ಕುರ್ತಾದ ತೋಳಿಗೆ ಕಂದು ಕಲೆ ಬಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹಿತ್ತಾಳೆಗೂ ತಾಮ್ರಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅಂಟಿತೋ, ವಾಪಸ್ ಡಬ್ಬಕ್ಕೆ ಹಾಕಿ.

ಅಂಗಡಿಯವರು "ಯಾವ ಮೋಟರಿಗೆ?" ಅಂತ ಕೇಳುತ್ತಾರೆ. "ಕೈಗೆ ಹಾಕ್ಕೊಳ್ಳೋಕೆ" ಅಂದರೆ ಒಂದು ಕ್ಷಣ ಮುಖ ನೋಡುತ್ತಾರೆ. ನಮ್ಮ ಬೀದಿಯವರಂತೂ ಈಗ ಗೀರು ಬೀಳದ ನಟ್ಟುಗಳನ್ನು ತಾವೇ ಆರಿಸಿಕೊಡುತ್ತಾರೆ.

ಮೊದಲು ಕೈಪಟ್ಟಿ ಮಾಡಿ, ಅದು ಕೆಡುವುದು ಕಷ್ಟ. ಎಂ5 ಅಳತೆಯ (ಅಂದರೆ 5 ಮಿಲಿಮೀಟರ್ ಬೋಲ್ಟಿಗೆ ಕೂರುವ) ಹಿತ್ತಾಳೆ ನಟ್ಟು 24 ಸಾಕು. ಒಂದೊಂದೂ 8 ಮಿಲಿಮೀಟರ್ ಅಗಲ ಇರುತ್ತದೆ. ಎಣ್ಣೆ ಜಿಡ್ಡು ಜಾಸ್ತಿ, ಪಾತ್ರೆ ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಿರಿ. ಗಟ್ಟಿ ಹತ್ತಿ ದಾರದ ಮೂರು ಎಳೆ ಗಂಟು ಹಾಕಿ, ಒಂದು ಇಂಚು ಸುಮ್ನೆ ಜಡೆ ಹೆಣೆಯಿರಿ. ಆಮೇಲೆ ಪ್ರತಿ ಸಲ ಹೊರಗಿನ ಎಳೆಯನ್ನು ನಡುವೆ ತರುವ ಮುಂಚೆ ಅದಕ್ಕೊಂದು ನಟ್ಟು ಪೋಣಿಸಿ, ಮೇಲಕ್ಕೆ ತಳ್ಳಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೆಣೆಯಿರಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಮೊದಲ ನಾಲ್ಕು ನಟ್ಟು ಜಾರಾಡುತ್ತವೆ, ಬೇಜಾರಾಗಬೇಡಿ. ಐದನೆಯದರಿಂದ ಹಲ್ಲಿನ ಸಾಲಿನ ಹಾಗೆ ಕೂತುಕೊಳ್ಳುತ್ತವೆ. ತಂಗಿಗೆ ಜಡೆ ಹಾಕಿ ರೂಢಿ ಇದ್ದವರಿಗೆ ಅರ್ಧ ಗಂಟೆಯ ಕೆಲಸ.

ಓಲೆಗೆ ಹಿತ್ತಾಳೆ ವಾಷರ್ ಚೆನ್ನ. ಕಲ್ಲಿನ ಮೇಲಿಟ್ಟು ಗುಂಡುತಲೆಯ ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದರೆ ಸಣ್ಣ ಸಣ್ಣ ಗುಳಿ ಬಿದ್ದು ಬೆಳಕಿಗೆ ಮಿನುಗುತ್ತದೆ. ಅಜ್ಜಿಯ ರುಬ್ಬುಕಲ್ಲಿನ ಮೇಲೆ ಮಾತ್ರ ಬೇಡ, ನಾನು ಬೈಸಿಕೊಂಡಿದ್ದೇನೆ! ಕಪ್ಪಾದರೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ. ದೇವರ ದೀಪಕ್ಕೆ ಮಾಡುವ ಹಾಗೇ.

ಬಳೆಗೆ ಅರ್ಥಿಂಗ್‌ಗೆ ಬಳಸುವ ಬರಿ ತಾಮ್ರದ ತಂತಿ ಕೇಳಿ, ದಪ್ಪದ ಅಳತೆ 14 ಗೇಜ್. ಬಗ್ಗಿಸುತ್ತಾ ಹೋದಂತೆ ತಾಮ್ರ ಗಡುಸಾಗುತ್ತದೆ. ಆಗ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಮಂದ ಕೆಂಪಾಗುವಷ್ಟು ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಸತು ಬಳಿದ ಕಬ್ಬಿಣದ ತಂತಿಯನ್ನು (ಅಂಗಡಿಯಲ್ಲಿ ಜಿಐ ತಂತಿ ಅನ್ನುತ್ತಾರೆ) ಮಾತ್ರ ಯಾವತ್ತೂ ಕಾಯಿಸಬೇಡಿ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ. ಬೆವರಿಗೆ ತಾಮ್ರ ಹಸಿರು ಬಿಡುವುದು ಸಹಜ. ಬಳೆಯ ಒಳಮೈಗೆ ಬಣ್ಣವಿಲ್ಲದ ನೇಲ್ ಪಾಲಿಷ್ ಬಳಿಯಿರಿ, ಸವೆದಾಗ ಮತ್ತೆ ಬಳಿದರಾಯಿತು.

ಕಿವಿಗೆ ಚುಚ್ಚುವ ಕೊಕ್ಕೆ ಮಾತ್ರ ಹಾರ್ಡ್‌ವೇರ್ ಸಾಮಾನಿನಿಂದ ಬೇಡ. ನಿಕ್ಕಲ್ ಲೇಪ ಇದ್ದರೆ ಕೆಲವರಿಗೆ ಕಿವಿ ಕೆರೆದು ಊದಿಕೊಳ್ಳುತ್ತದೆ. ಒಂದು ಜೊತೆ ಬೆಳ್ಳಿ ಕೊಕ್ಕೆ ಇಟ್ಟುಕೊಂಡು ವಾಷರ್‌ಗಳನ್ನು ಬದಲಿಸುತ್ತಿರಿ, ನಾನು ಮಾಡುವುದೂ ಅದನ್ನೇ.