ಕಲಬುರಗಿಯಲ್ಲಿ ಆರ್ಕಿಟೆಕ್ಚರ್ ಓದುವುದು ಹೇಗಿರುತ್ತದೆ? ಚಿತ್ರ ಬಿಡಿಸಲು ಬರಲೇಬೇಕಾ?

ಬಿ.ಆರ್ಕ್ 5 ವರ್ಷದ ಕೋರ್ಸ್. ನಾಟಾ ಅನ್ನುವ ಆರ್ಕಿಟೆಕ್ಚರ್ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಚಿತ್ರಕಾರರಾಗಿರಬೇಕಿಲ್ಲ, ನೋಡಿದ್ದನ್ನು ಅಳತೆಗೆ ತಕ್ಕಂತೆ ಬಿಡಿಸುವ ಆಸೆ ಇದ್ದರೆ ಕೈ ತಾನಾಗಿ ಪಳಗುತ್ತದೆ. ಜಾಸ್ತಿ ಹೊತ್ತು ಹೋಗುವುದು ಸ್ಟುಡಿಯೋದಲ್ಲೇ, ಅಂದರೆ ಡಿಸೈನ್ ಮಾಡುವ ತರಗತಿಯಲ್ಲಿ. ಸಬ್‌ಮಿಷನ್ ಹಿಂದಿನ ರಾತ್ರಿ ಮೌಂಟ್ ಬೋರ್ಡ್ ಕತ್ತರಿಸಿ, ಫೆವಿಕಾಲ್ ಹಚ್ಚಿ, ಮಾಡೆಲ್ ನಿಲ್ಲಿಸುವಷ್ಟರಲ್ಲಿ ಬೆಳಕು ಹರಿಯುತ್ತದೆ.

ಈ ಊರಲ್ಲಿ ಓದುವವರ ಅದೃಷ್ಟ ಅಂದರೆ ಕೋಟೆಯೊಳಗಿನ 1367ರ ಜಾಮಿಯಾ ಮಸೀದಿ. ಮಸೀದಿ ಅಂದರೆ ನಡುವೆ ತೆರೆದ ಅಂಗಳ ಇರುತ್ತದೆ, ಅಲ್ವಾ? ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಸಾಲು ಸಾಲು ಗುಮ್ಮಟಗಳ ಮಾಡು. ಬದಿಯ ಅಗಲ ಕಮಾನುಗಳಿಂದ ಬೆಳಕು, ಗಾಳಿ ಒಳಗೆ ಬರುತ್ತವೆ. ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗಂತೂ ಕಂಡಿಲ್ಲ. ಸುಮ್ನೆ ಫೋಟೊ ತೆಗೆದು ಬರಬೇಡಿ. ಬೆಳಿಗ್ಗೆ ಬೇಗ ಹೋಗಿ, ಒಂದೇ ಕಮಾನಿನ ಮುಂದೆ ಕೂತು ಬಿಡಿಸಿ. ನಾಟಾ ತಯಾರಿಯನ್ನೂ ಅಲ್ಲಿಂದಲೇ ಶುರು ಮಾಡಬಹುದು.