ವರದಿ ಬಂದಿತ್ತು, ಗೋಣಿಚೀಲ ಬಂದಿರಲಿಲ್ಲ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಮನೆಯಲ್ಲಿ ತೊಗರಿ ಬೆಳೆಯುತ್ತೇವೆ. ತರಗತಿಯಲ್ಲಿ 1991ರ, 2008ರ ಬಿಕ್ಕಟ್ಟಿನ ಪಾಠ ನಡೆಯುವಾಗಲೆಲ್ಲ, 2017ರಲ್ಲಿ ಅಪ್ಪ ಬೆಂಬಲ ಬೆಲೆಗಿಂತ ಕಡಿಮೆಗೆ ತೊಗರಿ ಮಾರಿ ಬಂದ ದಿನ ನೆನಪಾಗುತ್ತದೆ. ಇಷ್ಟೊಂದು ಪಂಡಿತರು, ಸಮಿತಿಗಳು ಇದ್ದೂ ಕಷ್ಟ ಬಂದಾಗ ನಮ್ಮಂಥವರಿಗೆ ಏನು ಸಿಕ್ಕಿತು ಸರ್? ಈ ವಿಷಯ ಓದುವುದರಲ್ಲಿ ಅರ್ಥವಿದೆಯೇ?
– ವಿದ್ಯಾರ್ಥಿನಿ, ಆಳಂದ ತಾಲ್ಲೂಕು

ಉತ್ತರ: ನಿಮ್ಮ ತಂದೆ ತೊಗರಿ ಮಾರಿದ ಆ ಹಂಗಾಮಿನಿಂದಲೇ ಶುರು ಮಾಡುತ್ತೇನೆ. ನೀವು ಕೇಳಿದ್ದಕ್ಕೆ ಉತ್ತರ ಅಲ್ಲೇ ಇದೆ.

2015ರಲ್ಲಿ ಮಳೆ ಕೈಕೊಟ್ಟು ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಬೆಲೆ ಕಂಡ ರೈತರು ಮರುವರ್ಷ ಇದ್ದಬದ್ದ ಹೊಲಕ್ಕೆಲ್ಲ ತೊಗರಿ ಬಿತ್ತಿದರು, ಮಳೆಯೂ ಕೈಹಿಡಿಯಿತು. ದೇಶದ ತೊಗರಿ ಉತ್ಪಾದನೆ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್‌ಗೆ ಜಿಗಿಯಿತು. ಬೆಲೆ ಬೀಳುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲವೇ? ಹೊಳೆದಿತ್ತು. ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರ ಸಮಿತಿ 2016ರ ಸೆಪ್ಟೆಂಬರ್‌ನಲ್ಲಿ, ನಮ್ಮ ಹೊಲಗಳಲ್ಲಿ ತೊಗರಿ ಇನ್ನೂ ಹಸಿರಾಗಿದ್ದಾಗಲೇ ವರದಿ ಕೊಟ್ಟಿತ್ತು. ಬೇಳೆಕಾಳುಗಳನ್ನು ಯುದ್ಧೋಪಾದಿಯಲ್ಲಿ ಖರೀದಿಸಿ, 20 ಲಕ್ಷ ಟನ್ ದಾಸ್ತಾನು ಕಟ್ಟಿ, ರಫ್ತಿನ ಮೇಲಿನ ನಿರ್ಬಂಧ ತೆಗೆಯಿರಿ ಎಂದು ಅದು ಹೇಳಿತ್ತು. ವಿದ್ವತ್ತು ತನ್ನ ಕೆಲಸವನ್ನು ಸಕಾಲಕ್ಕೆ ಮಾಡಿತ್ತು ಎಂದೇ ನನ್ನ ಅಭಿಪ್ರಾಯ.

ಮುಂದಿನದನ್ನು ನಾನು ಕಣ್ಣಾರೆ ಕಂಡೆ. 2017ರ ಫೆಬ್ರುವರಿಯಲ್ಲಿ ಬೆಂಬಲ ಬೆಲೆಯ ಒಂದು ಖರೀದಿ ಕೇಂದ್ರದ ಮುಂದೆ ಅರ್ಧ ದಿನ ನಿಂತಿದ್ದೆ. ಟ್ರ್ಯಾಕ್ಟರ್‌ಗಳ ಸಾಲು ರಸ್ತೆಯವರೆಗೂ ಚಾಚಿತ್ತು. ಹಿರಿಯರೊಬ್ಬರು ಮೂರು ರಾತ್ರಿ ಟ್ರಾಲಿಯಲ್ಲೇ ಮಲಗಿದ್ದರು. ತೊಗರಿಯ ಮೇಲೆ ಹೊದಿಸಿದ್ದ ಕೌದಿ ಇಬ್ಬನಿಗೆ ನೆನೆದಿತ್ತು. ಒಳಗೆ ತೂಕದ ಯಂತ್ರವಿತ್ತು, ತೇವಾಂಶ ಅಳೆಯುವ ಮೀಟರ್ ಇತ್ತು, ಹಮಾಲರೂ ಇದ್ದರು. ಗೋಣಿಚೀಲ ಮುಗಿದಿತ್ತು. ಯಾವಾಗ ಬರುತ್ತದೆ ಎಂದರೆ, ಮೇಲಿನವರನ್ನು ಕೇಳಬೇಕು ಎಂದರು. ಕೇಂದ್ರದ ಬೋನಸ್ ಸೇರಿ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ. ಗಂಜ್‌ನಲ್ಲಿ, ಅಂದರೆ ವರ್ತಕರು ಕೊಳ್ಳುವ ಮಾರುಕಟ್ಟೆಯಲ್ಲಿ, ಅದಕ್ಕಿಂತ ಸುಮಾರು ಸಾವಿರ ಕಡಿಮೆ. ಟ್ರ್ಯಾಕ್ಟರ್ ಬಾಡಿಗೆ ಏರುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಆ ಹಿರಿಯರು ಸಾಲಿನಿಂದ ಗಾಡಿ ಹೊರತೆಗೆಸಿ ಗಂಜ್‌ನ ದಾರಿ ಹಿಡಿದರು. ನಿಮ್ಮ ತಂದೆಯೂ ಅಂಥದೇ ಒಂದು ಸಾಲಿನಲ್ಲಿ ಇದ್ದಿರಬಹುದು. ತೊಗರಿ ಆಮದಿಗೆ ಮಿತಿ ಹೇರಿದ್ದು 2017ರ ಆಗಸ್ಟ್‌ನಲ್ಲಿ, ರಫ್ತು ಮುಕ್ತವಾದದ್ದು ಸೆಪ್ಟೆಂಬರ್‌ನಲ್ಲಿ. ಅಷ್ಟೊತ್ತಿಗೆ ನಮ್ಮ ಬಹುಪಾಲು ರೈತರ ಮನೆಯಲ್ಲಿ ತೊಗರಿಯೇ ಉಳಿದಿರಲಿಲ್ಲ.

ದೆಹಲಿಯ ವರದಿಗೂ ಆಳಂದದ ಚೀಲಕ್ಕೂ ನಡುವೆ ಇರುವುದನ್ನೇ ನಾವು ಸಂಸ್ಥೆ ಎಂದು ಕರೆಯುವುದು: ಸಹಕಾರ ಸಂಘ, ಗೋದಾಮು, ಆದೇಶ ಹೊರಡಿಸುವ ಕಚೇರಿ, ಹಣ ಬಿಡುಗಡೆ ಮಾಡುವ ಮೇಜು. ಇವನ್ನು ಬಿಕ್ಕಟ್ಟಿನ ವಾರದಲ್ಲಿ ಕಟ್ಟಲಾಗುವುದಿಲ್ಲ.

ಕಟ್ಟಿಟ್ಟಿದ್ದರೆ ಏನಾಗುತ್ತದೆ ಎಂಬುದನ್ನೂ ಇದೇ ನೆಲ ನೋಡಿದೆ. ಮಹಾರಾಷ್ಟ್ರ 1972ರ ಭೀಕರ ಬರದಲ್ಲಿ ಪಾಠ ಕಲಿತು ಉದ್ಯೋಗ ಖಾತರಿಗೆ 1977ರಲ್ಲಿ ಕಾನೂನು ಮಾಡಿತು. ಅರ್ಥಶಾಸ್ತ್ರಜ್ಞರು ಅದರ ಒಳಿತು ಕೆಡುಕುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು, ಜಗಳವಾಡಿದರು. 2005ರಲ್ಲಿ ಅದು ದೇಶದ ಕಾಯ್ದೆಯಾಯಿತು. 2006ರ ಫೆಬ್ರುವರಿಯಲ್ಲಿ ಮೊದಲು ಜಾರಿಯಾದ 200 ಜಿಲ್ಲೆಗಳಲ್ಲಿ ಬೀದರ್ ಮತ್ತು ಆಗಿನ್ನೂ ಯಾದಗಿರಿಯನ್ನು ಒಳಗೊಂಡಿದ್ದ ಗುಲಬರ್ಗಾ ಇದ್ದವು. ಹಾಗಾಗಿ 2020ರ ಬೇಸಿಗೆಯಲ್ಲಿ ಮುಂಬೈ, ಪುಣೆ, ಹೈದರಾಬಾದ್‌ಗಳಿಂದ ಜನ ಬರಿಗೈಯಲ್ಲಿ ತಾಂಡಾಗಳಿಗೆ ಮರಳಿದಾಗ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಲಿಲ್ಲ. ಜಾಬ್ ಕಾರ್ಡ್ ಕೊಡುವ ಪಂಚಾಯಿತಿ ಇತ್ತು, ಅಳತೆ ಬರೆಯುವ ಪುಸ್ತಕವಿತ್ತು, ಕೂಲಿ ಬೀಳುವ ಬ್ಯಾಂಕ್ ಖಾತೆಯಿತ್ತು. ಕೇಂದ್ರ ಸರ್ಕಾರ ಬಜೆಟ್‌ನ 61,500 ಕೋಟಿ ರೂಪಾಯಿಗೆ ಮತ್ತೆ 40,000 ಕೋಟಿ ಸೇರಿಸಿತು. ಆ ಹಣ ಹರಿಯಲು ಕಾಲುವೆ ಮೊದಲೇ ತೋಡಿಯಾಗಿತ್ತು. ದಿನದ ಕೂಲಿ 275 ರೂಪಾಯಿ ಸಾಕಾಗುವಷ್ಟೇನೂ ಇರಲಿಲ್ಲ, ಆದರೂ ಎಷ್ಟೋ ಒಲೆ ಹೊತ್ತಿದ್ದು ಅದರಿಂದಲೇ.

ಇನ್ನು, ಓದುವುದರಲ್ಲಿ ಅರ್ಥವಿದೆಯೇ ಎಂದಿರಿ. 2008ರ ಕುಸಿತದ ನಂತರ ಇಬ್ಬರು ಹೆಸರಾಂತ ಪ್ರಾಧ್ಯಾಪಕರು, ಆಗ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದ್ದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಹಾರ್ವರ್ಡ್‌ನ ಕೆನೆತ್ ರೊಗಾಫ್, 2010ರಲ್ಲಿ ಒಂದು ಪ್ರಬಂಧ ಬರೆದರು. ಸರ್ಕಾರದ ಸಾಲ ಜಿಡಿಪಿಯ ಶೇ 90 ದಾಟಿದ ದೇಶಗಳ ಸರಾಸರಿ ಬೆಳವಣಿಗೆ ಶೂನ್ಯಕ್ಕಿಂತ ಕೆಳಗೆ, ಮೈನಸ್ ಶೇ 0.1 ಎಂಬುದು ಅವರ ಲೆಕ್ಕ. ಯುರೋಪು, ಅಮೆರಿಕದ ರಾಜಕಾರಣಿಗಳು ಅದನ್ನು ಮುಂದಿಟ್ಟುಕೊಂಡು ಸರ್ಕಾರಿ ಖರ್ಚಿಗೆ ಕತ್ತರಿ ಹಾಕುವುದನ್ನು ಸಮರ್ಥಿಸಿದರು. ಮುಂದೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ಂಡನ್ ಎಂಬ ವಿದ್ಯಾರ್ಥಿ ತರಗತಿಯ ಹೋಂವರ್ಕ್‌ಗೆಂದು ಅದೇ ಲೆಕ್ಕವನ್ನು ಮತ್ತೆ ಮಾಡಲು ಕುಳಿತ. ಉತ್ತರ ತಾಳೆಯಾಗಲಿಲ್ಲ. ಮೂಲ ಎಕ್ಸೆಲ್ ಹಾಳೆಯನ್ನೇ ತರಿಸಿ ನೋಡಿದರೆ, ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಬೇರೆ ದೋಷಗಳೂ ಇದ್ದವು. 2013ರಲ್ಲಿ ಪ್ರಕಟವಾದ ಸರಿಪಡಿಸಿದ ಲೆಕ್ಕದಲ್ಲಿ ಬಂದದ್ದು ಶೇ 2.2. ಹರ್ಂಡನ್ ಆಗ ನಿಮ್ಮ ಹಾಗೆಯೇ ಒಬ್ಬ ವಿದ್ಯಾರ್ಥಿ. ಇದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳಿದ್ದೇನೆ.

ನಿಮ್ಮ ಎಂ.ಎ. ಕಿರುಪ್ರಬಂಧಕ್ಕೆ ವಿಷಯ ಇನ್ನೂ ಗೊತ್ತುಮಾಡಿಲ್ಲವಾದರೆ ಹೀಗೆ ಮಾಡಿ. ನಿಮ್ಮೂರಿನ ಸಹಕಾರ ಸಂಘಕ್ಕೆ ಹೋಗಿ 2016–17ರ ತೊಗರಿ ಖರೀದಿ ದಾಖಲೆ ಕೇಳಿ. ಯಾವ ದಿನ ಎಷ್ಟು ಚೀಲ ಬಂತು, ಯಾವ ದಿನ ತೂಕ ನಿಂತಿತು, ರೈತರ ಖಾತೆಗೆ ಹಣ ಬೀಳಲು ಎಷ್ಟು ದಿನ ಹಿಡಿಯಿತು ಎಂದು ಒಂದೊಂದನ್ನೇ ಬರೆದುಕೊಳ್ಳಿ. ಸಂಘದಲ್ಲಿ ಸಿಗದಿದ್ದರೆ ಖರೀದಿಯ ಉಸ್ತುವಾರಿ ಹೊತ್ತಿದ್ದ ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ. ನಿಮ್ಮ ತಂದೆಯ ಬಳಿ ಗಂಜ್‌ನ ಆ ದಿನದ ಚೀಟಿ ಇದ್ದರೆ ಅದನ್ನು ಮೊದಲ ಪುಟಕ್ಕೆ ಅಂಟಿಸಿ.