ಡಿಕ್ಕಿಯೊಳಗೆ ಹೆಣ, ಕರಂಗಲ್ಪಾಡಿಯಲ್ಲಿ ವಾಯಿದೆ

(ಓದುಗರು ಕೇಳಿದ್ದು, ಮಂಗಳೂರು ಕರಂಗಲ್ಪಾಡಿ ಕೋರ್ಟಿನ ವಕೀಲರು ಹೇಳಿದ್ದು)

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು ಮಾರಾಯ್ರೆ, ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ದಿ ಲಿಂಕನ್ ಲಾಯರ್' ನಾಲ್ಕನೇ ಸೀಸನ್. ನೋಡದವರಿಗೆ ಎರಡು ಮಾತು. ಲಾಸ್ ಏಂಜಲೀಸ್‌ನಲ್ಲಿ ಮಿಕ್ಕಿ ಹಾಲರ್ ಅಂತ ಒಬ್ಬ ಡಿಫೆನ್ಸ್ ವಕೀಲ, ಅವನ ಆಫೀಸು ಅಂದ್ರೆ ಲಿಂಕನ್ ಕಾರಿನ ಹಿಂದಿನ ಸೀಟು. ಮೂರನೇ ಸೀಸನ್ ಮುಗಿಯುವಾಗ ಪೊಲೀಸ್ರು ಅವನ ಕಾರು ನಿಲ್ಲಿಸಿ ಡಿಕ್ಕಿ ತೆಗೆದ್ರೆ ಒಳಗೆ ಅವನದ್ದೇ ಹಳೇ ಕಕ್ಷಿದಾರನ ಹೆಣ. ಹೊಸ ಸೀಸನ್‌ನ ಹತ್ತು ಎಪಿಸೋಡಲ್ಲಿ ವಕೀಲನೇ ಆರೋಪಿ, ತನ್ನ ಕೇಸು ತಾನೇ ನಡೆಸ್ತಾನೆ. ಕೊನೆಗೆ ಎಂತ ಆಗ್ತದೆ ಅಂತ ನಾನು ಹೇಳುದಿಲ್ಲ, ಕೆಲವರು ಇನ್ನೂ ಆರನೇದ್ರಲ್ಲಿ ಇದ್ದೀರಿ ಅಂತ ಪತ್ರ ಓದುವಾಗಲೇ ಗೊತ್ತಾಗ್ತದೆ.

ಪ್ರಶ್ನೆ: ಮೇಡಂ, ಅವನ ಮರ್ಡರ್ ಕೇಸು ಹತ್ತು ಎಪಿಸೋಡಲ್ಲಿ ಮುಗೀತು. ನನ್ನ ಚಿಕ್ಕಪ್ಪನಿಗೆ ಹೊಡೆದ ಕೇಸಿಗೆ ಐದು ವರ್ಷ ಆಯ್ತು, ಇನ್ನೂ ಸಾಕ್ಷಿ ಹಂತ. ಅವರು ಅಷ್ಟು ಫಾಸ್ಟಾ ಅಥವಾ ಸೀರಿಯಲ್ ಬುರುಡೆಯಾ? — ಸುರತ್ಕಲ್

ಸ್ವಲ್ಪ ಅದೂ ಹೌದು, ಸ್ವಲ್ಪ ಇದೂ ಹೌದು. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಅಪರಾಧದ ಆರೋಪಿ ನನ್ನ ವಿಚಾರಣೆ 60 ದಿನದೊಳಗೆ ಶುರು ಮಾಡಿ ಅಂತ ಹಠ ಹಿಡಿಯಬಹುದು, ಅದು ಅವನ ಹಕ್ಕು. ಆದ್ರೆ ಅಲ್ಲಿಯೂ ಎಷ್ಟೋ ವಕೀಲರು ಆ ಹಕ್ಕು ಬಿಟ್ಟುಕೊಡ್ತಾರೆ, ಯಾಕಂದ್ರೆ ತಯಾರಿಗೆ ಟೈಮ್ ಅವರಿಗೂ ಬೇಕಲ್ಲ. ಹಠ ಹಿಡಿದವನ ಕತೆಯೇ ಸೀರಿಯಲ್ ಆಗುದು, ಬಿಟ್ಟುಕೊಟ್ಟವನದ್ದು ಯಾರು ನೋಡ್ತಾರೆ.

ನಮ್ಮಲ್ಲಿ 60, 90 ಅಂತ ಸಂಖ್ಯೆ ಉಂಟು, ಆದ್ರೆ ಅದು ಬೇರೆಯೇ ಲೆಕ್ಕ. ಆರೋಪಿ ಜೈಲಲ್ಲಿ ಇದ್ದಾಗ ಅಷ್ಟು ದಿನದೊಳಗೆ ಪೊಲೀಸ್ರು ಚಾರ್ಜ್‌ಶೀಟ್ ಹಾಕದಿದ್ರೆ ಅವನಿಗೆ ಜಾಮೀನು ಹಕ್ಕಾಗಿ ಸಿಗ್ತದೆ, ಕೊಲೆಯಂಥ ಕೇಸಿಗೆ 90, ಕಡಿಮೆಯದ್ದಕ್ಕೆ 60. ನನ್ನ ಹತ್ರ ಬರುವ ಎಷ್ಟೋ ತಾಯಂದಿರು 'ತೊಂಬತ್ತು ದಿನದಲ್ಲಿ ಕೇಸು ಮುಗಿತದಂತೆ ಅಲ್ವಾ' ಅಂತ ಕೇಳ್ತಾರೆ. ಮುಗಿಯುದಲ್ಲ ಅಮ್ಮ, ಶುರು ಆಗುದು.

ನಿಮ್ಮ ಚಿಕ್ಕಪ್ಪನ ಕೇಸಲ್ಲಿ ಎಂತ ಆಗಿರ್ಬಹುದು ಅಂತ ನಾನು ಕಣ್ಣು ಮುಚ್ಚಿ ಊಹಿಸ್ತೇನೆ. ಸಾಕ್ಷಿ ಗಲ್ಫಿಗೆ ಹೋಗಿ ಆಗಿದೆ, ಸಮನ್ಸ್ ಅವನ ಮನೆ ಬಾಗಿಲಿಗೆ ಹೋಗಿ ವಾಪಸ್ ಬರ್ತದೆ, ವಾಯಿದೆ, ಅಂದ್ರೆ ಕೋರ್ಟಿನ ತಾರೀಕು, ಮುಂದೆ ಹೋಗ್ತದೆ. ಊರಿನ ಮಟ್ಟಿಗೆ ಇದು ಮಾಮೂಲಿ ರಗಳೆ. ವಿಡಿಯೋ ಮೂಲಕ ಸಾಕ್ಷಿ ಹೇಳ್ಲಿಕ್ಕೆ ಅವಕಾಶ ಉಂಟು, ಪಿ.ಪಿ.ಯವರನ್ನು, ಅಂದ್ರೆ ಸರ್ಕಾರದ ಪರ ವಾದಿಸುವ ವಕೀಲರನ್ನು ಕಂಡು ಅದಕ್ಕೆ ಅರ್ಜಿ ಹಾಕಿಸಿ. ಕೇಳದೆ ಯಾರೂ ತಾವಾಗಿ ಮಾಡುದಿಲ್ಲ.

ಪ್ರಶ್ನೆ: ಅಕ್ಕ, ಕೊನೇ ಗಳಿಗೆಯಲ್ಲಿ ಬಾಗಿಲು ತೆಗೆದು ಒಬ್ಬ ಸಾಕ್ಷಿ ಬರ್ತಾನೆ, ಎಲ್ಲರೂ ತಿರುಗಿ ನೋಡ್ತಾರೆ, ಎದುರು ವಕೀಲನ ಮುಖ ಬಿಳುಚಿ ಹೋಗ್ತದೆ. ಇಂಥ ಸೀನು ಎಷ್ಟು ಸಿನಿಮಾ, ಸೀರಿಯಲ್‌ನಲ್ಲಿ ನೋಡಿದ್ದೇವೆ. ನಿಮಗೆ ಕೋರ್ಟಲ್ಲಿ ಹಾಗೆ ಆದದ್ದುಂಟಾ? — ಕಾಪು

ಇಲ್ಲ. ಮೊದಲನೇದಾಗಿ ನಮ್ಮ ಕೋರ್ಟ್ ಹಾಲಿನ ಬಾಗಿಲು ಬೆಳಿಗ್ಗೆಯಿಂದ ಸಂಜೆವರೆಗೆ ತೆಗೆದೇ ಇರ್ತದೆ, ಈ ಸೆಕೆಯಲ್ಲಿ ಮುಚ್ಚುವವರು ಯಾರು.

ಎರಡನೇದು ಸ್ವಲ್ಪ ಗಂಭೀರ. ಥ್ರಿಲ್ಲರ್ ನಡೆಯುದು ಗುಟ್ಟಿನ ಮೇಲೆ, ಕ್ರಿಮಿನಲ್ ಕಾನೂನು ಮಾಡಿದ್ದೇ ಗುಟ್ಟು ಇರಬಾರದು ಅಂತ. ಪೊಲೀಸ್ರು ಕೋರ್ಟಿಗೆ ಕೊಟ್ಟ ಚಾರ್ಜ್‌ಶೀಟು, ಎಫ್‌ಐಆರ್, ಸಾಕ್ಷಿಗಳು ಪೊಲೀಸರ ಹತ್ರ ಹೇಳಿದ್ದು, ಮಹಜರು, ವೈದ್ಯರ ವರದಿ, ಒಟ್ರಾಸಿ ಅವರು ಯಾವುದನ್ನು ನೆಚ್ಚಿಕೊಂಡಿದ್ದಾರೋ ಅದರ ಪ್ರತಿ ಎಲ್ಲ ಆರೋಪಿಗೆ ಪುಕ್ಕಟೆ ಕೊಡ್ಬೇಕು. ಹಳೇ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) ಅದು 207ನೇ ಸೆಕ್ಷನ್. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 230, ಆರೋಪಿ ಹಾಜರಾಗಿ 14 ದಿನದೊಳಗೆ ಕೊಡ್ಬೇಕು ಅಂತ ಈಗ ಗಡುವೂ ಹಾಕಿದ್ದಾರೆ. ಹಾಗಾಗಿ ಪಿ.ಡಬ್ಲ್ಯು. 1, ಅಂದ್ರೆ ಪ್ರಾಸಿಕ್ಯೂಷನ್‌ನ ಮೊದಲ ಸಾಕ್ಷಿ, ನಾಳೆ ಬಂದು ಎಂತ ಹೇಳ್ತಾನೆ ಅಂತ ನನಗೆ ಇವತ್ತೇ ಗೊತ್ತಿರ್ತದೆ, ಬ್ಯಾಗಲ್ಲಿ ದಾರ ಕಟ್ಟಿದ ಕಟ್ಟು ಉಂಟು. ಬಿಟ್ಟುಹೋದ ಸಾಕ್ಷಿ ಒಬ್ಬ ಬೇಕೇ ಬೇಕು ಅಂತಾದ್ರೆ ಯಾವ ಹಂತದಲ್ಲೂ ಕರೆಸುವ ಅಧಿಕಾರ ಕೋರ್ಟಿಗೆ ಇದೆ, ಆದ್ರೆ ಅದಕ್ಕೂ ಅರ್ಜಿ, ಅರ್ಜಿಗೆ ತಕರಾರು, ತಕರಾರಿಗೆ ವಾದ, ವಾದಕ್ಕೆ ಆದೇಶ. ಬಾಗಿಲಲ್ಲಿ ಬಂದು ನಿಲ್ಲುವಷ್ಟರಲ್ಲಿ ಆ ಸಾಕ್ಷಿ ಹಳಬ ಆಗಿರ್ತಾನೆ.

ಗುಟ್ಟು ಇಟ್ಕೊಳ್ಳುವ ಸವಲತ್ತು ಇದ್ರೆ ನಮ್ಮಲ್ಲಿ ಆರೋಪಿಗೆ ಮಾತ್ರ. ನನ್ನ ಪರ ಯಾರು ಬರ್ತಾರೆ ಅಂತ ಅವನು ಪ್ರಾಸಿಕ್ಯೂಷನ್ ಸಾಕ್ಷಿ ಮುಗಿಯುವವರೆಗೆ ಬಾಯಿ ಬಿಡ್ಬೇಕು ಅಂತಿಲ್ಲ. ತಮಾಷೆ ಎಂತ ಗೊತ್ತುಂಟಾ, ಮಿಕ್ಕಿ ಹಾಲರ್‌ನ ಊರಲ್ಲಿ ಅದೂ ಇಲ್ಲ. ಕ್ಯಾಲಿಫೋರ್ನಿಯಾದವರು 1990ರಲ್ಲಿ ಓಟು ಹಾಕಿ ಕಾನೂನು ತಂದ್ರು, ಡಿಫೆನ್ಸಿನವರು ಸಹ ತಮ್ಮ ಸಾಕ್ಷಿಗಳ ಹೆಸರು ವಿಚಾರಣೆಗೆ 30 ದಿನ ಮೊದಲೇ ಎದುರಿನವರಿಗೆ ಕೊಡ್ಬೇಕು. ಅಂದ್ರೆ ಕೊನೇ ಗಳಿಗೆಯ ಸಾಕ್ಷಿ ಅಲ್ಲಿ ನಮಗಿಂತ ಕಷ್ಟ.

ಹಾಗಾದ್ರೆ ಕೋರ್ಟಲ್ಲಿ ಥ್ರಿಲ್ ಇಲ್ವಾ ಅಂತ ಕೇಳ್ಬೇಡಿ. ನೀವು ಕಾಪುವಿನವರು, ತಾಳಮದ್ದಳೆ ಕೇಳಿದವರೇ ಇರ್ಬೇಕು. ವಾಲಿ ಸಾಯ್ತಾನೆ ಅಂತ ಗೊತ್ತಿಲ್ಲದವರು ಯಾರಾದ್ರೂ ಆ ಸಭೆಯಲ್ಲಿ ಇರ್ತಾರಾ? ಆದ್ರೂ ಬೆಳಗ್ಗಿನ ಜಾವ ಮೂರು ಗಂಟೆಗೆ ಜನ ಎದ್ದು ಹೋಗುದಿಲ್ಲ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ವಾಲಿ ಕೇಳಿದ್ದಕ್ಕೆ ಇವತ್ತಿನ ರಾಮ ಎಂತ ಹೇಳ್ತಾನೆ ಅಂತ ಕಾದು ಕೂತಿರ್ತಾರೆ. ಪಾಟಿ ಸವಾಲು ಸಹ ಅದೇ ಜಾತಿಯದ್ದು.

ಒಂದು ನೆನಪು ಹೇಳ್ತೇನೆ. ನಾನಾಗ ಜೂನಿಯರ್, ಸೀನಿಯರ್ ಹಿಂದೆ ಫೈಲ್ ಹೊತ್ತು ಓಡುವ ಕಾಲ. ಗಡಿ ಜಗಳದಲ್ಲಿ ಹೊಡೆದಾಟ ಆದ ಕೇಸು. ನೆರೆಮನೆಯವ ಒಬ್ಬ ಸಾಕ್ಷಿ, ತುಳುವಿನಲ್ಲಿ ಹೇಳ್ತಾನೆ, ಜಡ್ಜ್ ಅದನ್ನು ಕನ್ನಡ ಮಾಡಿ ಟೈಪಿಸ್ಟ್‌ಗೆ ಬರೆಸ್ತಾರೆ: ರಾತ್ರಿ ಎಂಟು ಗಂಟೆಗೆ ಬೀದಿ ದೀಪದ ಬೆಳಕಿನಲ್ಲಿ ಆರೋಪಿಯನ್ನು ನೋಡಿರುತ್ತೇನೆ. ಸೀನಿಯರ್ ಎದ್ದು ನಿಂತ್ರು.

'ಆ ದಿನ ಮಳೆ ಉಂಟಾ?'

'ಆಟಿ ತಿಂಗಳು ಸಾರ್, ಮಳೆ ಇಲ್ಲದೆ?'

'ಕೊಡೆ ಹಿಡ್ಕೊಂಡು ಹೊರಗೆ ಬಂದದ್ದಾ?'

'ಹೌದು.'

'ಇನ್ನೊಂದು ಕೈಯಲ್ಲಿ?'

'ಟಾರ್ಚ್.'

ಆಮೇಲೆ ಮಾಮೂಲಿ 'ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ' ಅಂತ ಸಾಕ್ಷಿಯ ಉತ್ತರ ಒಂದು ಸಾಲು ಬರೆಸಿ ಅವರು ಕೂತೇ ಬಿಟ್ರು. ನನಗೆ ಕೈಕಾಲು ನಿಲ್ಲುದಿಲ್ಲ. ಬೀದಿ ದೀಪ ಇದ್ರೆ ಟಾರ್ಚ್ ಎಂತಕ್ಕೆ ಅಂತ ಕೇಳ್ಬೇಕಲ್ವಾ, ಅದೇ ಅಲ್ವಾ ಪಂಚ್, ನಾನು ಹಿಂದಿನಿಂದ ಗೌನ್ ಎಳೆದೆ, ಅವರು ತಿರುಗಿಯೂ ನೋಡ್ಲಿಲ್ಲ. ಪಿ.ಪಿ.ಯವರಾದ್ರೂ ಎದ್ದು ಮರುವಿಚಾರಣೆಯಲ್ಲಿ ಸರಿ ಮಾಡ್ಬಹುದಿತ್ತು, ಅವರು ಮುಂದಿನ ಕೇಸಿನ ಫೈಲ್ ಹುಡುಕ್ತಾ ಇದ್ರು. ಮಧ್ಯಾಹ್ನ ಕ್ಯಾಂಟೀನಲ್ಲಿ ಗೋಳಿಬಜೆ ಚಾ ಮುಂದೆ ಇಟ್ಕೊಂಡು ಸೀನಿಯರ್ ಹೇಳಿದ್ದು: 'ಕೇಳಿದ್ರೆ ಅವ ಉತ್ತರ ಹೇಳ್ತಾನೆ ಮಾರಾಯ್ತಿ. ನಮ್ಮ ಅಂಗಳದಲ್ಲಿ ಹಾವು ಬರ್ತದೆ ಸ್ವಾಮೀ, ಅದಕ್ಕೆ ಟಾರ್ಚ್ ಅಂತಾನೆ. ಮುಗೀತು. ಕೇಳದಿದ್ರೆ ಟಾರ್ಚ್ ನಮ್ಮದು.'

ಮೂರು ತಿಂಗಳ ಮೇಲೆ ವಾದದ ದಿನ ಅದೊಂದು ಸಾಲು ಓದಿ ಹೇಳಿದ್ರು. ಟಾರ್ಚಿನಿಂದಲೇ ಕೇಸು ಗೆದ್ದದ್ದು ಅಂತ ಹೇಳ್ಲಿಕ್ಕೆ ಆಗುದಿಲ್ಲ, ವೈದ್ಯರ ಸಾಕ್ಷ್ಯ ಸಹ ಸಡಿಲ ಇತ್ತು, ಆದ್ರೆ ಜಡ್ಜ್‌ಮೆಂಟಲ್ಲಿ ಆ ಟಾರ್ಚಿಗೆ ಎರಡು ಪ್ಯಾರಾ ಸಿಕ್ಕಿತು. ಸೀರಿಯಲ್‌ನಲ್ಲಿ ವಕೀಲ ಆ ಕೊನೇ ಪ್ರಶ್ನೆ ಕೇಳಿಯೇ ಕೇಳ್ತಾನೆ, ಕೇಳದಿದ್ರೆ ನಮಗೆ ನೋಡುವವರಿಗೆ ಗೊತ್ತಾಗ್ಬೇಕಲ್ಲ. ಅದು ಅವರ ತಪ್ಪಲ್ಲ.

ಪ್ರಶ್ನೆ: ಇಲ್ಲಿ ಸಹ ಆರೋಪಿ ತನ್ನ ಕೇಸು ತಾನೇ ವಾದಿಸಬಹುದಾ? ಜ್ಯೂರಿ ಯಾಕೆ ಇಲ್ಲ? — ಬಂಟ್ವಾಳ

ವಾದಿಸಬಹುದು. ವಕೀಲನೇ ಆರೋಪಿ ಆದ್ರೆ ಗೌನು ಬ್ಯಾಂಡು ಕಳಚಿಟ್ಟು ಬರೀ ಪಾರ್ಟಿಯಾಗಿ ನಿಲ್ಲಬೇಕು ಅಷ್ಟೆ. ಆದ್ರೆ ದಯವಿಟ್ಟು ಸೀರಿಯಲ್ ನೋಡಿ ಧೈರ್ಯ ಮಾಡ್ಬೇಡಿ. ಮಿಕ್ಕಿ ಒಬ್ಬನೇ ಮಾಡಿದ್ದು ಅಂತ ಕಾಣ್ತದೆ, ಸರಿ ನೋಡಿದ್ರೆ ಹೊರಗೆ ಓಡಾಡ್ಲಿಕ್ಕೆ ಲೋರ್ನಾ, ಸಿಸ್ಕೋ, ಇಜ್ಜಿ ಅಂತ ಒಂದು ದಂಡೇ ಉಂಟು. ಕೊಡಿಯಾಲಬೈಲ್ ಜೈಲಿನ ಒಳಗೆ ಕೂತವನಿಗೆ ಹೊರಗೆ ಯಾರಿದ್ದಾರೆ? ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇರ್ಲಿ ಸರ್ಕಾರದ ಖರ್ಚಲ್ಲಿ ವಕೀಲರು ಸಿಗ್ತಾರೆ, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಅದು ಸ್ಪಷ್ಟ ಉಂಟು, ಹೆಂಗಸರಿಗೂ ಹಾಗೆಯೇ. 15100ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ. 'ಪುಕ್ಕಟೆ ವಕೀಲರು ಸರಿ ಇರುದಿಲ್ಲ' ಅಂತ ಊರಲ್ಲಿ ಒಂದು ಮಾತುಂಟು, ದುಡ್ಡು ಕೊಟ್ಟವರು ಎಲ್ಲರೂ ಸರಿ ಇರ್ತಾರಾ ಅಂತ ನಾನು ವಾಪಸ್ ಕೇಳ್ತೇನೆ.

ಜ್ಯೂರಿ, ಅಂದ್ರೆ ಕೇಸು ಕೇಳಿ ತಪ್ಪಿತಸ್ಥ ಹೌದಾ ಅಲ್ವಾ ಅಂತ ಹೇಳುವ ಸಾಮಾನ್ಯ ಜನರ ಗುಂಪು, ನಮ್ಮಲ್ಲಿ ಮೊದಲು ಕೆಲವು ಕಡೆ ಇತ್ತು, 1973ರ ಸಿಆರ್‌ಪಿಸಿಯಲ್ಲಿ ಅದಕ್ಕೆ ಜಾಗವೇ ಇರ್ಲಿಲ್ಲ. ಇದರಿಂದ ನಾಟಕದ ವ್ಯತ್ಯಾಸ ದೊಡ್ಡದು. ಹನ್ನೆರಡು ಜನರ ಮನಸ್ಸು ಕರಗಿಸ್ಲಿಕ್ಕೆ ಅಲ್ಲಿ ವಕೀಲ ಆಚೆ ಈಚೆ ನಡೀತಾ ಮಾತಾಡ್ಬೇಕು. ಇಲ್ಲಿ ಕೇಳುವವರು ಒಬ್ರೇ ಜಡ್ಜ್, ಅವರು ತೀರ್ಪಿಗೆ ಕಾರಣ ಬರೆಯಲೇಬೇಕು, ಬರೆಯುವಾಗ ಎದುರಿಗೆ ಇರುದು ಟೈಪ್ ಆದ ಕಾಗದ. ಸಾಕ್ಷಿಯ ಹಾವಭಾವ ಬರೆದಿಡ್ಲಿಕ್ಕೆ ಕಾನೂನಲ್ಲಿ ಅವಕಾಶ ಉಂಟು, ನಮ್ಮ ಹಾವಭಾವಕ್ಕೆ ಇಲ್ಲ.

ಪ್ರಶ್ನೆ: ಜಡ್ಜ್ ಸುತ್ತಿಗೆ ಕುಟ್ಟಿ 'ಆರ್ಡರ್ ಆರ್ಡರ್' ಹೇಳ್ತಾರಾ? ಗೀತೆ ಮುಟ್ಟಿ ಆಣೆ ಮಾಡಿಸ್ತಾರಾ? — ಮೂಡುಬಿದಿರೆ, ಎಂಟನೇ ಕ್ಲಾಸ್

ಸುತ್ತಿಗೆಯೂ ಇಲ್ಲ, ಗೀತೆಯೂ ಇಲ್ಲ ಪುಟ್ಟ. ದೇವರ ಹೆಸರಲ್ಲಿ ಅಥವಾ ದೇವರ ಹೆಸರಿಲ್ಲದೆ ಬಾಯಲ್ಲಿ ಪ್ರಮಾಣ ಮಾಡಿದ್ರೆ ಆಯ್ತು. ಗಲಾಟೆ ಆದ್ರೆ ಜಡ್ಜ್ ತಲೆ ಎತ್ತಿ ನೋಡ್ತಾರೆ. ಸಾಕಾಗ್ತದೆ.

ಪ್ರಶ್ನೆ: ಸೀರಿಯಲ್ ನೋಡಿ ನನ್ನ ಮಗಳಿಗೆ ಲಾಯರೇ ಆಗ್ಬೇಕಂತೆ. ಸೆಕೆಂಡ್ ಪಿಯುಸಿ. ಎಂತ ಮಾಡುದು? — ಮಣಿಪಾಲ

ಮಾಡ್ಲಿ. ಪಿಯುಸಿ ಆದ ಮೇಲೆ ಐದು ವರ್ಷದ ಕೋರ್ಸ್, ಇಲ್ಲ ಡಿಗ್ರಿ ಮಾಡಿ ಮೂರು ವರ್ಷದ್ದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಕನಸಿದ್ರೆ ಕ್ಲಾಟ್ ಅಂತ ಪ್ರವೇಶ ಪರೀಕ್ಷೆ ಬರೀಬೇಕು. ಮನೆ ಹತ್ರ ಸಾಕು ಅಂದ್ರೆ ಉಡುಪಿಯಲ್ಲಿ ವೈಕುಂಠ ಬಾಳಿಗಾ ಕಾಲೇಜು, ಮಂಗಳೂರಲ್ಲಿ ಎಸ್‌ಡಿಎಂ ಲಾ ಕಾಲೇಜು ಉಂಟಲ್ಲ. ಪಾಸಾಗಿ ವಕೀಲರ ಪಟ್ಟಿಗೆ ಎನ್‌ರೋಲ್ ಆಗ್ಬೇಕು, ಬಾರ್ ಕೌನ್ಸಿಲ್‌ನ ಪರೀಕ್ಷೆ ಒಂದು ಸಹ ಉಂಟು. ಮೊದಲ ಮೂರು ನಾಲ್ಕು ವರ್ಷ ಬಂಗ ಮಾತ್ರ, ನನ್ನ ಮೊದಲ ತಿಂಗಳ ಸಂಪಾದನೆ ಬಸ್ಸಿನ ಪಾಸಿಗೆ ಸರಿಯಾಗಿತ್ತು. ಸೀರಿಯಲ್ ಬಂದ್ ಮಾಡಿ ಒಂದು ದಿನ ಅವಳನ್ನು ಕೋರ್ಟಿಗೆ ಕರ್ಕೊಂಡು ಬನ್ನಿ, ಹಿಂದಿನ ಬೆಂಚಲ್ಲಿ ಕೂತು ನೋಡ್ಲಿಕ್ಕೆ ಯಾರ ಪರ್ಮಿಷನ್ನೂ ಬೇಡ, ಕೆಲವು ಕೇಸು ಮಾತ್ರ ಮುಚ್ಚಿದ ಬಾಗಿಲಲ್ಲಿ ನಡೀತದೆ. ಸಂಜೆವರೆಗೆ ಆಕಳಿಸದೆ ಕೂತ್ರೆ ಫೀಸ್ ಕಟ್ಟಿ. ಬರ್ಲಿಕ್ಕೆ ಆಗದಿದ್ರೆ ಹೈಕೋರ್ಟಿನ ಕಲಾಪ ಯೂಟ್ಯೂಬಲ್ಲಿ ಲೈವ್ ಬರ್ತದೆ.

ಪ್ರಶ್ನೆ: ನಮ್ಮದು ಪಾಲಿನ ದಾವೆ, ಒಂಬತ್ತು ವರ್ಷ ಆಯ್ತು. ವಕೀಲರಿಗೆ ಫೋನ್ ಮಾಡಿದ್ರೆ 'ವಾಯಿದೆ ಉಂಟು' ಅಂತಾರೆ, ಯಾವುದಕ್ಕೆ ವಾಯಿದೆ ಅಂತ ಹೇಳುದಿಲ್ಲ. ಸೀರಿಯಲ್‌ನಲ್ಲಿ ಕಕ್ಷಿದಾರನಿಗೆ ಎಲ್ಲ ಗೊತ್ತಿರ್ತದೆ, ನಮಗೆ ಎಂತ ಸಹ ಗೊತ್ತಿಲ್ಲ. ಮಂಡೆ ಬಿಸಿ ಆಗ್ತದೆ. — ಕುಂದಾಪುರದ ಹತ್ರದಿಂದ ಒಬ್ಬ ಅಮ್ಮ

ಈ ಪತ್ರ ಎರಡು ಸಲ ಓದಿದೆ ಅಮ್ಮ. ನಮ್ಮವರದ್ದೇ ತಪ್ಪು, ಮುಚ್ಚಿ ಹೇಳುದೆಂತ.

ಪಾಲಿನ ದಾವೆ ನಿಧಾನವೇ, ಪಾರ್ಟಿಯಲ್ಲಿ ಒಬ್ರು ತೀರಿಹೋದ್ರೆ ಅವರ ವಾರಸುದಾರರನ್ನು ಸೇರಿಸ್ಬೇಕು, ಅವರಿಗೆ ನೋಟಿಸು ಹೋಗ್ಬೇಕು, ಅವರಲ್ಲಿ ಇಬ್ರು ಮುಂಬೈಯಲ್ಲಿ ಇರ್ತಾರೆ. ಕೊನೆಗೆ ಯಾರಿಗೆ ಎಷ್ಟು ಪಾಲು ಅಂತ ಒಂದು ತೀರ್ಪು ಆದ್ರೂ ಮುಗಿಯುದಿಲ್ಲ, ಜಾಗ ಅಳೆದು ಗಡಿ ಹಾಕಿ ಕೈಗೆ ಕೊಡುದು ಇನ್ನೊಂದು ಸುತ್ತು. ಆದ್ರೆ ನಿಧಾನ ಬೇರೆ, ಗೊತ್ತೇ ಇಲ್ಲದಿರುದು ಬೇರೆ. ನಿಮ್ಮ ದಾವೆಗೆ 16 ಅಕ್ಷರ ಅಂಕಿಯ ಸಿಎನ್‌ಆರ್ ನಂಬರ್ ಅಂತ ಒಂದು ಉಂಟು. ವಕೀಲರ ಗುಮಾಸ್ತರ ಹತ್ರ ಅದೊಂದು ಕೇಳಿ, ಹೇಳ್ಲಿಕ್ಕೆ ಅವರಿಗೆ ಎಂತ ಕಷ್ಟವೂ ಇಲ್ಲ. ಮೊಮ್ಮಕ್ಕಳ ಫೋನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಸಿ ಆ ನಂಬರ್ ಒತ್ತಿದ್ರೆ ಮುಂದಿನ ತಾರೀಕು, ಅದು ಯಾವ ಹಂತಕ್ಕೆ, ಹಿಂದಿನ ವಾಯಿದೆ ದಿನ ಎಂತ ಆಯ್ತು ಎಲ್ಲ ಬರ್ತದೆ. ಆ ಪುಟ ಸುಮ್ಮನೆ ವಕೀಲರಿಗೆ ವಾಟ್ಸಾಪ್ ಮಾಡಿ, ಏನೂ ಬರೀಬೇಡಿ. ಮುಂದಿನ ಫೋನ್ ಅವರೇ ಮಾಡ್ತಾರೆ.

ಅಣ್ಣತಮ್ಮಂದಿರು ಇನ್ನೂ ಮಾತಾಡುವ ಹಾಗಿದ್ರೆ ಲೋಕ ಅದಾಲತಿಗೆ ಹಾಕ್ಸಿ. ಅಲ್ಲಿ ರಾಜಿ ಆದ್ರೆ ಕಟ್ಟಿದ ಕೋರ್ಟ್ ಫೀ ವಾಪಸ್, ಮೇಲೆ ಅಪೀಲು ಸಹ ಇಲ್ಲ. ಆದ್ರೆ ಅದೇ ಕಾರಣಕ್ಕೆ ಸಹಿ ಹಾಕುವ ಮೊದಲು ನಕ್ಷೆ ಮೇಲೆ ನಿಮ್ಮ ಪಾಲಿನ ದಾರಿ, ಬಾವಿ ಎರಡೂ ಎಲ್ಲಿ ಬರ್ತದೆ ಅಂತ ಬೆರಳಿಟ್ಟು ತೋರಿಸಿ ಅಂತ ಕೇಳಿ, ಆಮೇಲೆ ಕೇಳ್ಲಿಕ್ಕೆ ಬರುದಿಲ್ಲ.

ಮತ್ತೆ ನನ್ನ ಫೋನ್ ನಂಬರ್ ಕೇಳಿದ್ದೀರಿ. ಅಮೆರಿಕದಲ್ಲಿ ವಕೀಲರು ಬಸ್ಸಿನ ಮೇಲೆ ಫೋಟೋ ಹಾಕಿ ಕರೀಬಹುದು, ನಮಗೆ ಬಾರ್ ಕೌನ್ಸಿಲ್ ನಿಯಮದಲ್ಲಿ ಜಾಹೀರಾತು ಮಾಡ್ಲಿಕ್ಕಿಲ್ಲ, ಇಲ್ಲಿ ನಂಬರ್ ಹಾಕಿದ್ರೆ ನನಗೇ ನೋಟಿಸು. ಆ್ಯಪಲ್ಲಿ ಎಂತ ಬಂತು ಅಂತ ಪತ್ರ ಬರೀರಿ.